ಟ್ರೆಡ್ ಆಳವಿದ್ದರೆ ಟೈರ್ ಗಟ್ಟಿಯೇ?

ಅಮೆರಿಕದಲ್ಲಿ ಫೋರ್ಡ್ ಎಫ್-250, ರ‍್ಯಾಮ್ 2500ರಂತಹ ಭಾರಿ ಡೀಸೆಲ್ ಪಿಕಪ್‌ಗಳಿಗೆ ಆಲ್-ಟೆರೇನ್ ಟೈರ್ ಕೊಳ್ಳುವಾಗ ಮೊದಲು ಕಣ್ಣು ಹೋಗುವುದು ಟ್ರೆಡ್ ಮೇಲೆ. ಅದು ಆಳವಾಗಿ, ಒರಟಾಗಿ ಇದ್ದಷ್ಟೂ ಟೈರ್ ಹೆಚ್ಚು ಬಾಳುತ್ತದೆ ಎಂಬ ನಂಬಿಕೆಯಿದೆ. ಇದು ಅರ್ಧಸತ್ಯ. ಟ್ರೆಡ್ ಕೆಸರು, ಜಲ್ಲಿಯಲ್ಲಿ ಹಿಡಿತ ಕೊಡುತ್ತದೆ; ಭಾರ ಹೊರುವುದು ಟೈರಿನ ಒಳಪದರಗಳು ಮತ್ತು ತುಂಬಿದ ಗಾಳಿ.

ಹಾಗಾದರೆ ಏನನ್ನು ನೋಡಬೇಕು? ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಬರಹವನ್ನು.

• ಎಲ್‌ಟಿ: ಅಳತೆಯ ಮುಂದೆ ಈ ಅಕ್ಷರಗಳಿದ್ದರೆ ಅದು ಲೈಟ್ ಟ್ರಕ್ ಟೈರ್.

• ಲೋಡ್ ಇಂಡೆಕ್ಸ್: 121 ಎಂದಿದ್ದರೆ ಒಂದು ಟೈರ್ ಗರಿಷ್ಠ 1,450 ಕೆಜಿ ಹೊರಬಲ್ಲದು, 125 ಎಂದಿದ್ದರೆ 1,650 ಕೆಜಿ. ಹೊಸ ಟೈರಿನ ಸಂಖ್ಯೆ, ವಾಹನದ ಜೊತೆ ಬಂದ ಟೈರಿನದಕ್ಕಿಂತ ಕಡಿಮೆ ಇರಬಾರದು.

• ಲೋಡ್ ರೇಂಜ್ ಇ: ಇದನ್ನು ‘10 ಪ್ಲೈ’ ಎನ್ನುತ್ತಾರೆ. ಹಾಗೆಂದು ಒಳಗೆ ಹತ್ತು ಪದರಗಳಿರುವುದಿಲ್ಲ. ಹತ್ತಿ ದಾರದ ಪದರಗಳಿದ್ದ ಕಾಲದ ಲೆಕ್ಕ ಈಗ ಬಲದ ಅಳತೆಯಾಗಿ ಮಾತ್ರ ಉಳಿದಿದೆ.

• ಡಿಒಟಿ ಸಂಕೇತ: ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2324 ಎಂದರೆ 2024ರ 23ನೇ ವಾರ. ಬಳಸದೆ ಇಟ್ಟರೂ ರಬ್ಬರ್ ಹಳತಾಗುತ್ತದೆ.

ಇಷ್ಟೆಲ್ಲ ನೋಡಿ ಕೊಂಡರೂ ಗಾಳಿ ಕಡಿಮೆಯಿದ್ದರೆ ಪ್ರಯೋಜನವಿಲ್ಲ. ಅಂತಹ ಟೈರ್ ಭಾರದಡಿ ಪದೇಪದೇ ಬಾಗಿ ಬಿಸಿಯಾಗುತ್ತದೆ. ಪದರಗಳು ಬಿಟ್ಟುಕೊಂಡು ಹೆದ್ದಾರಿಯಲ್ಲೇ ಸಿಡಿಯಬಹುದು. ಪಕ್ಕದಲ್ಲಿ ನಮೂದಾಗಿರುವುದು ಗರಿಷ್ಠ ಒತ್ತಡ ಮಾತ್ರ. ನಿಮ್ಮ ವಾಹನಕ್ಕೆ ಎಷ್ಟು ಬೇಕೆಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿದೆ. ಟೈರ್ ತಣ್ಣಗಿರುವಾಗಲೇ ಅಳೆಯಿರಿ.