ದೇವಾಲಯದ ಭಾನುವಾರ, ಮನೆಯ ಸಂಜೆ

ಸ್ವೀಡನ್ ದೇಶದ ಉತ್ತರ ಭಾಗದಲ್ಲಿ, ಲೂಲಿಯೊ ನಗರದ ಪಕ್ಕದಲ್ಲಿ, ಗಮ್ಮೆಲ್‌ಸ್ತಾದ್ ಎಂಬ ಹಳೆಯ ಊರೊಂದಿದೆ. ನಡುವೆ 15ನೆಯ ಶತಮಾನದ ಕಲ್ಲಿನ ದೇವಾಲಯ. ಅದರ ಸುತ್ತ ಒತ್ತೊತ್ತಾಗಿ ನಿಂತ 424 ಮರದ ಪುಟ್ಟ ಮನೆಗಳು. ವಿಚಿತ್ರವೆಂದರೆ, ಈ ಮನೆಗಳು ವಾರದ ಬಹುಪಾಲು ದಿನ ಬೀಗ ಹಾಕಿಕೊಂಡೇ ಇರುತ್ತಿದ್ದವು. ದೂರದ ಹಳ್ಳಿಗಳ ರೈತ ಕುಟುಂಬಗಳು ಬೇಸಿಗೆಯಲ್ಲಿ ದೋಣಿಯಲ್ಲಿ, ಚಳಿಗಾಲದಲ್ಲಿ ಹಿಮದ ಮೇಲೆ ಜಾರುಬಂಡಿಯಲ್ಲಿ ಬಂದು, ಇಲ್ಲಿ ರಾತ್ರಿ ತಂಗಿ, ಭಾನುವಾರದ ಆರಾಧನೆ ಮುಗಿಸಿಕೊಂಡು ಹಿಂತಿರುಗುತ್ತಿದ್ದವು. ಅದೇ ದಿನ ಬಂದು ಅದೇ ದಿನ ಮರಳಲಾಗದಷ್ಟು ದೂರ; ದಾರಿಯೂ ಕಠಿಣ. ದೇವಾಲಯಕ್ಕೆ ಹೋಗುವುದಕ್ಕಾಗಿಯೇ ಜನ ಇನ್ನೊಂದು ಮನೆ ಕಟ್ಟಿಕೊಂಡ ಈ ಊರನ್ನು ಯುನೆಸ್ಕೊ ಸಂಸ್ಥೆ 1996ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಲೂಥರನ್ ಸಭೆಯ ವಾರದ ಆರಾಧನೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಇಂಥದ್ದೇ. ಆದರೆ ಆ ರೈತರು ಬಿಟ್ಟು ಬಂದ ಇನ್ನೊಂದು ಮನೆಯಲ್ಲಿ, ಅಂದರೆ ಹಳ್ಳಿಯ ಮನೆಯಲ್ಲಿ, ವಾರದ ಉಳಿದ ಆರು ದಿನ ಏನು ನಡೆಯುತ್ತಿತ್ತು ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಇತಿಹಾಸದ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದದ್ದು ಈ ಎರಡನೆಯ ಪ್ರಶ್ನೆಯೇ ಎಂದು ನನ್ನ ಭಾವನೆ.

ಇದರ ಮೂಲವನ್ನು ಮಾರ್ಟಿನ್ ಲೂಥರನಲ್ಲೇ ಹುಡುಕಬೇಕು. ಜರ್ಮನಿಯಲ್ಲಿ 1517ರಲ್ಲಿ ಧರ್ಮಸುಧಾರಣೆಯ ಕಿಡಿ ಹೊತ್ತಿಸಿದ ಲೂಥರ್, ಸುಮಾರು ಹತ್ತು ವರ್ಷಗಳ ನಂತರ ಸ್ಯಾಕ್ಸನಿ ಪ್ರಾಂತ್ಯದ ಹಳ್ಳಿಯ ಸಭೆಗಳ ತಪಾಸಣೆಗೆ ಹೋದ. ಅಲ್ಲಿ ಕಂಡದ್ದು ಅವನನ್ನು ದಂಗುಬಡಿಸಿತು. ಸಾಮಾನ್ಯ ಜನರಿರಲಿ, ಎಷ್ಟೋ ಮಂದಿ ಪಾದ್ರಿಗಳಿಗೇ ತಮ್ಮ ಧರ್ಮದ ಮೊದಲ ಪಾಠಗಳು ತಿಳಿದಿರಲಿಲ್ಲ. ಇದರ ಫಲವೇ 1529ರ ‘ಚಿಕ್ಕ ಪ್ರಶ್ನೋತ್ತರಿ’. ದಶಾಜ್ಞೆಗಳು, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ – ಇವುಗಳನ್ನು ಪ್ರಶ್ನೆ ಉತ್ತರಗಳ ರೂಪದಲ್ಲಿ ಸರಳವಾಗಿ ತಿಳಿಸುವ ಸಣ್ಣ ಪುಸ್ತಕ ಅದು. ಇದನ್ನು ಯಾರು ಯಾರಿಗೆ ಕಲಿಸಬೇಕು? ಮನೆಯ ಯಜಮಾನ ತನ್ನ ಮನೆಯವರಿಗೆ ಕಲಿಸಬೇಕು ಎಂದು ಲೂಥರ್ ಆಯಾ ಭಾಗದ ತಲೆಬರಹದಲ್ಲಿಯೇ ಸೂಚಿಸಿದ. ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವಾಗ, ಊಟಕ್ಕೆ ಮುಂಚೆ, ಊಟದ ನಂತರ ಮಾಡಬೇಕಾದ ಪ್ರಾರ್ಥನೆಗಳೂ ಅದರಲ್ಲಿದ್ದವು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಂದು ಕೀರ್ತನೆ ಹಾಡಿಕೊಂಡು ಸಂತೋಷದಿಂದ ಕೆಲಸಕ್ಕೆ ಹೋಗಿ, ರಾತ್ರಿಯ ಪ್ರಾರ್ಥನೆಯ ನಂತರ ತಡಮಾಡದೆ ನಿಶ್ಚಿಂತೆಯಿಂದ ನಿದ್ದೆ ಮಾಡಿ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಮಠದಲ್ಲಿ ಸನ್ಯಾಸಿಗಳು ಗಂಟೆ ಬಾರಿಸಿ ನಡೆಸುತ್ತಿದ್ದ ದಿನಚರಿಯ ಪ್ರಾರ್ಥನೆಯನ್ನು, ಹಿಂದೆ ತಾನೇ ಸನ್ಯಾಸಿಯಾಗಿದ್ದ ಲೂಥರ್, ಅಡುಗೆಮನೆಯ ಮೇಜಿನ ಬಳಿಗೆ ತಂದಿಟ್ಟ.

ಸ್ವೀಡನ್ನಿಗೆ ಲೂಥರನ ಬೋಧನೆ ಬಹುಬೇಗ ತಲುಪಿತು. ವಿಟ್ಟೆನ್‌ಬರ್ಗಿನಲ್ಲಿ ಓದಿ ಬಂದಿದ್ದ ಓಲಾವುಸ್ ಪೆಟ್ರಿ 1531ರಲ್ಲಿ ಸ್ವೀಡಿಷ್ ಭಾಷೆಯ ಆರಾಧನಾ ಕ್ರಮವನ್ನು ಪ್ರಕಟಿಸಿದ. 1593ರ ಉಪ್ಸಾಲ ಸಮ್ಮೇಳನದಲ್ಲಿ ಇಡೀ ದೇಶ ಲೂಥರನ್ ಧರ್ಮಕ್ಕೆ ಬದ್ಧವೆಂದು ತೀರ್ಮಾನವಾಯಿತು. ಅಲ್ಲಿಂದ ಮುಂದೆ ಸ್ವೀಡನ್ನಿನ ಪ್ರಜೆ ಎಂದರೆ ಸ್ವೀಡನ್ನಿನ ಸಭೆಯ ಸದಸ್ಯ ಎಂದೇ ಅರ್ಥ.

ಭಾನುವಾರದ ಆರಾಧನೆ ಆ ಕಾಲದ ಹಳ್ಳಿಯ ಬದುಕಿನ ಕೇಂದ್ರ. ಗಂಡಸರು ದಕ್ಷಿಣದ ಬದಿಗೆ, ಹೆಂಗಸರು ಉತ್ತರದ ಬದಿಗೆ ಕುಳಿತುಕೊಳ್ಳಬೇಕು. ಯಾವ ಮನೆತನಕ್ಕೆ ಯಾವ ಬೆಂಚು ಎಂಬುದೂ ನಿಗದಿಯಾಗಿರುತ್ತಿತ್ತು. ಬೆಂಚಿನ ಜಾಗಕ್ಕಾಗಿ ನಡೆದ ಜಗಳಗಳು ಎಷ್ಟೋ ಬಾರಿ ನ್ಯಾಯಾಲಯದವರೆಗೆ ಹೋದವು! (ದೇವರ ಸನ್ನಿಧಿಯಲ್ಲಿ ಮುಂದಿನ ಸಾಲಿಗಾಗಿ ಜಗಳ ನಮಗೇನೂ ಹೊಸತಲ್ಲ.) ದೀರ್ಘವಾದ ಪ್ರಸಂಗದ ನಡುವೆ ತೂಕಡಿಸುವವರನ್ನು ಉದ್ದನೆಯ ಕೋಲಿನಿಂದ ತಿವಿದು ಎಬ್ಬಿಸಲು ಒಬ್ಬ ಆಳು ಇರುತ್ತಿದ್ದ. ಕೊನೆಯಲ್ಲಿ ಪಾದ್ರಿ ಪೀಠದ ಮೇಲಿಂದಲೇ ಸರ್ಕಾರದ ಪ್ರಕಟಣೆಗಳನ್ನು ಓದುತ್ತಿದ್ದರು. ಪತ್ರಿಕೆಯೂ ರೇಡಿಯೋವೂ ಇಲ್ಲದ ಕಾಲದಲ್ಲಿ ಅರಸನ ಆಜ್ಞೆ, ಯುದ್ಧದ ಸುದ್ದಿ ಹಳ್ಳಿಗೆ ತಲುಪುತ್ತಿದ್ದುದು ಹೀಗೆ. ಭಾನುವಾರ ದೇವರ ದಿನ ಮಾತ್ರವಲ್ಲ, ದೊರೆಯ ದಿನವೂ ಆಗಿತ್ತೆನ್ನಬಹುದು.

ಮನೆಯೂ ದೊರೆಯ ಕಣ್ಣಿಂದ ತಪ್ಪಿಸಿಕೊಳ್ಳಲಿಲ್ಲ. 11ನೆಯ ಚಾರ್ಲ್ಸ್ ಅರಸನ ಕಾಲದಲ್ಲಿ, 1686ರಲ್ಲಿ, ಹೊಸ ಸಭಾ ಕಾನೂನು ಜಾರಿಗೆ ಬಂತು. ಅದರ ಪ್ರಕಾರ ಮಕ್ಕಳು, ಆಳುಗಳು, ಕೆಲಸದ ಹೆಣ್ಣುಮಕ್ಕಳು ಎಲ್ಲರೂ ಪುಸ್ತಕ ಓದಲು ಕಲಿಯಬೇಕು. ಕಲಿಸುವ ಹೊಣೆ ತಂದೆತಾಯಿಗಳದು ಮತ್ತು ಯಜಮಾನನದು. ಪ್ರಶ್ನೋತ್ತರಿ ಬಾರದವರಿಗೆ ಕರ್ತನ ಭೋಜನದಲ್ಲಿ ಪಾಲಿಲ್ಲ. ಅದಿಲ್ಲದೆ ಮದುವೆಯೂ ಇಲ್ಲ. 1689ರಲ್ಲಿ ಆರ್ಚ್‌ಬಿಷಪ್ ಊಲೊಫ್ ಸ್ವೇಬಿಲಿಯಸ್ ಬರೆದ ಪ್ರಶ್ನೋತ್ತರಿಯ ವಿವರಣೆ, 1695ರ ಕೀರ್ತನೆಗಳ ಪುಸ್ತಕ, ಇವೆರಡೂ ಮನೆಮನೆಯ ಕಪಾಟು ಸೇರಿದವು.

ಕಾನೂನು ಮಾಡುವುದು ಸುಲಭ. ಪಾಲಿಸಿದರೋ ಇಲ್ಲವೋ ಎಂದು ನೋಡುವುದು ಕಷ್ಟ. ಅದಕ್ಕಾಗಿ ಬೆಳೆದು ಬಂದ ಪದ್ಧತಿಯೇ ‘ಹುಸ್‌ಫರ್‌ಹೋರ್’, ಅಂದರೆ ಮನೆ ಪರೀಕ್ಷೆ. ಊರುಗಳನ್ನು ಸಣ್ಣ ಸಣ್ಣ ವಠಾರಗಳಾಗಿ ವಿಂಗಡಿಸಿ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಹೊಲದ ಕೆಲಸವಿಲ್ಲದ ದಿನಗಳಲ್ಲಿ, ಪಾದ್ರಿ ಒಂದು ದೊಡ್ಡ ಮನೆಗೆ ಬರುತ್ತಿದ್ದರು. ಅಕ್ಕಪಕ್ಕದ ಮನೆಗಳವರೆಲ್ಲ ಅಲ್ಲಿ ಸೇರಬೇಕು. ಪಾದ್ರಿಯ ಮುಂದೆ ದಪ್ಪನೆಯ ದಾಖಲೆ ಪುಸ್ತಕ. ಯಜಮಾನ, ಅವನ ಹೆಂಡತಿ, ಮಕ್ಕಳು, ಮುದುಕರು, ಆಳುಕಾಳುಗಳು ಒಬ್ಬೊಬ್ಬರಾಗಿ ಮುಂದೆ ಬರಬೇಕು. ಮೊದಲು ಪುಸ್ತಕ ಹಿಡಿದು ಓದಿಸುತ್ತಿದ್ದರು, ಆಮೇಲೆ ಬಾಯಿಪಾಠ, ಕೊನೆಗೆ ಅರ್ಥ ತಿಳಿದಿದೆಯೇ ಎಂಬ ಪ್ರಶ್ನೆಗಳು. ಪ್ರತಿಯೊಂದಕ್ಕೂ ದಾಖಲೆಯಲ್ಲಿ ಬೇರೆ ಬೇರೆ ಅಂಕಣ, ಗೀಟುಗಳಲ್ಲಿ ಅಂಕಗಳು. ಬಾರದೆ ತಪ್ಪಿಸಿಕೊಂಡವರಿಗೆ ದಂಡ. ಪರೀಕ್ಷೆ ಮುಗಿದ ಮೇಲೆ ಅದೇ ಮನೆಯಲ್ಲಿ ಎಲ್ಲರಿಗೂ ಊಟ. ಭಯ ಮತ್ತು ಹಬ್ಬ ಎರಡೂ ಒಂದೇ ದಿನ.

1809ರವರೆಗೆ ಸ್ವೀಡನ್ನಿನ ಭಾಗವಾಗಿದ್ದ ಫಿನ್ಲೆಂಡಿನಲ್ಲೂ ಇದೇ ಪದ್ಧತಿಯಿತ್ತು. ಅಲ್ಲಿನ ಅಲೆಕ್ಸಿಸ್ ಕಿವಿ 1870ರಲ್ಲಿ ಬರೆದ ‘ಏಳು ಜನ ಅಣ್ಣತಮ್ಮಂದಿರು’ ಎಂಬ ಹೆಸರಾಂತ ಕಾದಂಬರಿಯಲ್ಲಿ, ಅಕ್ಷರ ಕಲಿಯಲು ಹೋದ ಒರಟು ಸೋದರರು ಪಾಠದ ಕಾಟ ತಾಳಲಾರದೆ ಕಿಟಕಿಯಿಂದ ಹಾರಿ ಓಡುತ್ತಾರೆ. ಓದುಗರು ಅದನ್ನು ಓದಿ ನಕ್ಕದ್ದಕ್ಕೆ ಕಾರಣ, ಆ ಕಾಟ ಪ್ರತಿ ಮನೆಗೂ ಪರಿಚಿತವಾಗಿತ್ತು.

ಹೀಗಾಗಿ ವರ್ಷವಿಡೀ ಮನೆಯಲ್ಲಿ ತಯಾರಿ ನಡೆಯಲೇಬೇಕು. ಉದ್ದನೆಯ ಚಳಿಗಾಲದ ರಾತ್ರಿಗಳಲ್ಲಿ, ಒಲೆಯ ಬೆಳಕಿನಲ್ಲಿ ಅಥವಾ ಉರಿಯುವ ದೇವದಾರು ಸಿಬಿರಿನ ಬೆಳಕಿನಲ್ಲಿ, ತಾಯಿ ನೂಲುತ್ತಲೇ ಮಗುವಿನಿಂದ ಅಕ್ಷರ ಓದಿಸಬೇಕಾಗುತ್ತಿತ್ತು. ಹೆಸರಿಗೆ ಹೊಣೆ ಯಜಮಾನನದಾದರೂ ನಿಜವಾದ ಗುರು ಬಹಳಷ್ಟು ಮನೆಗಳಲ್ಲಿ ತಾಯಿಯೇ. ಅಕ್ಷರಮಾಲೆಯ ಪುಸ್ತಕದಲ್ಲಿ ಅಕ್ಷರಗಳ ಬೆನ್ನಿಗೇ ಪ್ರಾರ್ಥನೆಗಳು. ಓದು ಮತ್ತು ಪ್ರಾರ್ಥನೆ ಬೇರೆಬೇರೆ ಎನ್ನಿಸುತ್ತಲೇ ಇರಲಿಲ್ಲ. ಹವಾಮಾನ ಕೆಟ್ಟು ದೇವಾಲಯಕ್ಕೆ ಹೋಗಲಾಗದ ಭಾನುವಾರ, ಲೂಥರನ ಪ್ರಸಂಗಗಳ ಸಂಗ್ರಹದಿಂದ ಆ ದಿನದ ಪ್ರಸಂಗವನ್ನು ಮನೆಯಲ್ಲೇ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ನಮ್ಮ ಹಳ್ಳಿಯ ಜಗಲಿಗಳಲ್ಲಿ ಜೈಮಿನಿ ಭಾರತ ಓದಿಸಿ ಕೇಳುತ್ತಿದ್ದ ಸಂಜೆಗಳನ್ನು ನೆನೆದರೆ ಈ ದೃಶ್ಯ ಅಪರಿಚಿತವೆನಿಸದು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಉಮಿಯೊ ವಿಶ್ವವಿದ್ಯಾಲಯದ ಎಗಿಲ್ ಯೋಹಾನ್ಸನ್ ಎಂಬ ವಿದ್ವಾಂಸರು ಈ ದಾಖಲೆ ಪುಸ್ತಕಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಅವರಿಗೆ ಕಂಡದ್ದು ಆಶ್ಚರ್ಯಕರವಾಗಿತ್ತು. ಸರ್ಕಾರಿ ಶಾಲೆಗಳ ಕಾನೂನು ಬಂದದ್ದು 1842ರಲ್ಲಿ. ಅದಕ್ಕೆ ಬಹಳ ಮುಂಚೆಯೇ, ಬಡ ರೈತರ ನಾಡಿನಲ್ಲಿ, ಬಹುಪಾಲು ಜನ ಓದಬಲ್ಲವರಾಗಿದ್ದರು. ಹೆಂಗಸರು ಗಂಡಸರಿಗೆ ಕಡಿಮೆಯೇನೂ ಇರಲಿಲ್ಲ. ಆದರೆ ಇವರಲ್ಲಿ ಹೆಚ್ಚಿನವರಿಗೆ ಬರೆಯಲು ಬರುತ್ತಿರಲಿಲ್ಲ! ಪ್ರಾರ್ಥನೆಗೆ ಓದು ಸಾಕು, ಬರಹ ಬೇಡ. ಆದ್ದರಿಂದ ಕಾನೂನು ಬರಹವನ್ನು ಕೇಳಲಿಲ್ಲ, ಮನೆ ಕಲಿಸಲಿಲ್ಲ. ಚಿಕ್ಕಂದಿನಿಂದ ಕೇಳಿ ಬಾಯಿಪಾಠವಾದ ಪುಸ್ತಕವನ್ನು ಎದುರಿಗಿಟ್ಟರೆ ಯಾರು ತಾನೇ ‘ಓದಲಾರರು’ ಎಂಬ ಸಂದೇಹವನ್ನೂ ಕೆಲವರು ಎತ್ತಿದ್ದಾರೆ. ಆ ಸಂದೇಹದಲ್ಲಿ ಹುರುಳಿಲ್ಲದಿಲ್ಲ. ಆದರೆ ಮುಂದೆ ನಡೆದದ್ದನ್ನು ನೋಡಿದರೆ, ಬಾಯಿಪಾಠವಷ್ಟೇ ಕಲಿತಿದ್ದ ಜನ ಅಷ್ಟು ತೊಂದರೆ ಕೊಡುತ್ತಿರಲಿಲ್ಲ ಎನ್ನಿಸುತ್ತದೆ.

ತೊಂದರೆಯ ಬೀಜ ಬಂದದ್ದು ದೂರದ ಸೈಬೀರಿಯಾದಿಂದ. 1709ರ ಪೊಲ್ಟಾವಾ ಯುದ್ಧದಲ್ಲಿ 12ನೆಯ ಚಾರ್ಲ್ಸನ ಸೇನೆ ರಷ್ಯದ ಪೀಟರನಿಗೆ ಸೋತಿತು. ಸಾವಿರಾರು ಸೈನಿಕರು ಸೆರೆಯಾದರು. ಟೊಬೊಲ್ಸ್ಕ್ ನಗರದಲ್ಲಿದ್ದ ಸೆರೆಯಾಳುಗಳು ಜರ್ಮನಿಯ ಹಾಲೆ ನಗರದ ಭಕ್ತಿಪಂಥದವರೊಂದಿಗೆ ಪತ್ರವ್ಯವಹಾರ ನಡೆಸಿ, ಅವರ ಪುಸ್ತಕಗಳನ್ನು ಓದಿ, ತಾವೇ ಕೂಡಿ ಪ್ರಾರ್ಥಿಸುವುದನ್ನು ರೂಢಿ ಮಾಡಿಕೊಂಡರು. 1721ರಲ್ಲಿ ಶಾಂತಿ ಒಪ್ಪಂದವಾಗಿ ಊರಿಗೆ ಮರಳಿದವರು ಆ ರೂಢಿಯನ್ನೂ ತಂದರು. ಪಾದ್ರಿಯಿಲ್ಲದೆ, ಬೇರೆ ಬೇರೆ ಮನೆಗಳವರು ಒಂದೆಡೆ ಸೇರಿ ಸತ್ಯವೇದ ಓದುವುದು, ಓದಿದ್ದನ್ನು ಚರ್ಚಿಸುವುದು ಶುರುವಾಯಿತು.

1726ರಲ್ಲಿ ಸರ್ಕಾರ ಇಂಥ ಕೂಟಗಳನ್ನು ನಿಷೇಧಿಸಿತು. ಈ ಆಜ್ಞೆಯ ಸ್ವರೂಪವನ್ನು ಗಮನಿಸಬೇಕು. ಮನೆಯ ಯಜಮಾನ ತನ್ನ ಹೆಂಡತಿ ಮಕ್ಕಳನ್ನು, ಆಳುಗಳನ್ನು ಕೂರಿಸಿಕೊಂಡು ಪ್ರಾರ್ಥಿಸಬಹುದು. ಬಹುದು ಮಾತ್ರವಲ್ಲ, ಅದು ಅವನ ಕರ್ತವ್ಯ. ಆದರೆ ಪಕ್ಕದ ಮನೆಯವನು ಬಂದು ಕುಳಿತರೆ ಅಪರಾಧ. ದಂಡ, ಸೆರೆವಾಸ, ಮತ್ತೆ ಮತ್ತೆ ತಪ್ಪಿದರೆ ಗಡೀಪಾರು. ಅದೇ ಪುಸ್ತಕ, ಅದೇ ಪ್ರಾರ್ಥನೆ, ಅದೇ ಮೇಜು. ಹೊಸ್ತಿಲು ದಾಟಿದರೆ ಮಾತ್ರ ಕಾನೂನುಭಂಗ. ಅಧಿಕಾರಸ್ಥರ ಭಯ ಅರ್ಥವಾಗದಂಥದ್ದೇನಲ್ಲ. ಮನೆಯೊಳಗೆ ಯಜಮಾನ, ಸಭೆಯಲ್ಲಿ ಪಾದ್ರಿ, ದೇಶದಲ್ಲಿ ಅರಸ – ಪ್ರಶ್ನೋತ್ತರಿಯ ಕೊನೆಗಿದ್ದ ಕರ್ತವ್ಯಗಳ ಪಟ್ಟಿಯೇ ಈ ಮೂರು ನೆಲೆಗಳನ್ನು ಕಲಿಸುತ್ತಿತ್ತು. ನೆರೆಹೊರೆಯವರು ಸಮಾನರಾಗಿ ಕೂಡುವ ಕೂಟಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಎಲ್ಲ ಲೂಥರನ್ ನಾಡುಗಳೂ ಹೀಗೇ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನಲ್ಲಿ 1743ರಲ್ಲಿ ಕೆಲವು ಷರತ್ತುಗಳೊಂದಿಗೆ ಇಂಥ ಕೂಟಗಳಿಗೆ ಅನುಮತಿ ಸಿಕ್ಕಿತು. ಹಾಗಾಗಿ ಅಲ್ಲಿನ ಭಕ್ತಿಪಂಥ ಸಭೆಯ ಒಳಗೇ ಉಳಿದು ಬೆಳೆಯಿತು. ಕನ್ನಡಿಗರಿಗೆ ಈ ನಾಡಿನ ಸಂಬಂಧವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಅನೇಕ ಮಿಷನರಿಗಳು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಕೂಡ, ವುರ್ಟೆಂಬರ್ಗಿನ ಈ ವಾತಾವರಣದಿಂದ ಬಂದವರು. ನಮ್ಮ ಕರಾವಳಿಯ ಪ್ರಾಟೆಸ್ಟಂಟ್ ಮನೆಗಳ ‘ಕುಟುಂಬ ಪ್ರಾರ್ಥನೆ’ಗೆ ಅಲ್ಲಿಯ ಹಳ್ಳಿಮನೆಗಳ ಸಂಜೆಗಳೂ ಹಿನ್ನೆಲೆಯಾಗಿವೆ.

ಸ್ವೀಡನ್ನಿನಲ್ಲಿ ನಿಷೇಧ ನೂರು ವರ್ಷಕ್ಕೂ ಮೀರಿ ಉಳಿಯಿತು, ಕೂಟಗಳೂ ಉಳಿದವು. ಅವುಗಳಲ್ಲಿ ಸೇರುತ್ತಿದ್ದವರಿಗೆ ಜನ ಹಾಸ್ಯಕ್ಕೆ ಇಟ್ಟ ಹೆಸರು ‘ಲೇಸಾರೆ’, ಅಂದರೆ ಓದುವವರು. ಓದಲೇಬೇಕೆಂದು ಕಾನೂನು ಮಾಡಿದ ದೇಶದಲ್ಲಿ ‘ಓದುವವನು’ ಎಂಬುದು ಬೈಗುಳದ ಹಾಗಾಯಿತು! 1840ರ ದಶಕದಲ್ಲಿ ಏರಿಕ್ ಯಾನ್ಸನ್ ಎಂಬ ರೈತ ಪ್ರಚಾರಕ ಸತ್ಯವೇದವೊಂದೇ ಸಾಕೆಂದು ಸಾರಿ, 1844ರಲ್ಲಿ ಲೂಥರನ ಪುಸ್ತಕಗಳನ್ನೇ ಬಹಿರಂಗವಾಗಿ ಸುಡಿಸಿದ. ಅವನನ್ನು ಮತ್ತೆ ಮತ್ತೆ ಬಂಧಿಸಲಾಯಿತು. 1846ರಲ್ಲಿ ಅವನು ಅಮೆರಿಕಕ್ಕೆ ಓಡಿಹೋಗಿ ಇಲಿನಾಯ್ ರಾಜ್ಯದಲ್ಲಿ ಬಿಷಪ್ ಹಿಲ್ ಎಂಬ ಊರು ಕಟ್ಟಿದ. ಸಾವಿರಕ್ಕೂ ಹೆಚ್ಚು ಜನ ಹಿಂಬಾಲಿಸಿದರು. ಅವನದು ಅತಿರೇಕವೇ. ಅವನಿಗೆ ಸಿಕ್ಕ ಶಿಕ್ಷೆಗಳು ಅವನ ಅನುಯಾಯಿಗಳನ್ನು ಹೆಚ್ಚಿಸಿದವೇ ಹೊರತು ಕಡಿಮೆ ಮಾಡಲಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಸ್ಟಾಕ್‌ಹೋಮಿನ ಕಾರ್ಲ್ ಊಲೊಫ್ ರೊಸೇನಿಯಸ್ ಎಂಬ ಸೌಮ್ಯ ಸ್ವಭಾವದ ಬೋಧಕ, ದೀಕ್ಷೆ ಪಡೆದ ಪಾದ್ರಿಯಲ್ಲದಿದ್ದರೂ, ಸಭೆಯನ್ನು ತೊರೆಯದೆ ಕೂಟಗಳನ್ನು ನಡೆಸಿದ. 1842ರಲ್ಲಿ ಆರಂಭವಾದ ‘ಪಿಯೆಟಿಸ್ಟೆನ್’ ಎಂಬ ಮಾಸಪತ್ರಿಕೆಯ ಮೂಲಕ ಅವನ ಬರಹ ಹಳ್ಳಿಹಳ್ಳಿಯ ಮನೆಗಳನ್ನು ತಲುಪಿತು. ಪಾದ್ರಿಯೊಬ್ಬರ ಮಗಳಾದ ಲೀನಾ ಸಾಂಡೆಲ್ ಬರೆದ ಕೀರ್ತನೆಗಳು ಈ ಕೂಟಗಳ ಬಾಯಲ್ಲಿ ನೆಲೆನಿಂತವು. ಕೊನೆಗೆ 1858ರಲ್ಲಿ ಸರ್ಕಾರ 1726ರ ಆಜ್ಞೆಯನ್ನು ಹಿಂತೆಗೆದುಕೊಂಡಿತು.

ನಿಷೇಧ ಹೋದ ಮೇಲೆ ಊರೂರಿನಲ್ಲಿ ಪ್ರಾರ್ಥನಾ ಮಂದಿರಗಳೆದ್ದವು. ಬೆಳಿಗ್ಗೆ ದೇವಾಲಯದ ಆರಾಧನೆಗೆ ಹೋದವರೇ ಸಂಜೆ ಅಲ್ಲಿ ಸೇರುತ್ತಿದ್ದರು. ಇತ್ತ ಅಕ್ಷರ ಕಲಿಸುವ ಕೆಲಸವನ್ನು ಶಾಲೆಗಳು ವಹಿಸಿಕೊಂಡಂತೆ ಮನೆ ಪರೀಕ್ಷೆಗೆ ಹಿಂದಿನ ಬಿಗಿ ಉಳಿಯಲಿಲ್ಲ. 1895ರಿಂದ ಹೊಸ ಮಾದರಿಯ ಸಭಾ ದಾಖಲೆಗಳು ಬಂದು ಹಳೆಯ ಪುಸ್ತಕಗಳು ಕಪಾಟು ಸೇರಿದವು. ಭೂಮಿಯ ಕೊರತೆಯಿಂದಲೂ ಬರಗಾಲದಿಂದಲೂ ಹತ್ತು ಲಕ್ಷಕ್ಕೂ ಹೆಚ್ಚು ಸ್ವೀಡಿಷರು ಅಮೆರಿಕಕ್ಕೆ ಹೋದರಷ್ಟೆ. ಅವರ ಮರಿಮಕ್ಕಳು ಇಂದು ತಮ್ಮ ಹಿರಿಯರನ್ನು ಹುಡುಕುವುದು ಈ ದಾಖಲೆಗಳಲ್ಲೇ. ಹುಟ್ಟಿದ ದಿನ, ಊರು ಬಿಟ್ಟ ದಿನ ಇವುಗಳ ಪಕ್ಕದಲ್ಲೇ, ಎಂದೋ ಒಂದು ಚಳಿಗಾಲದಲ್ಲಿ ಮುತ್ತಜ್ಜಿ ಪಾದ್ರಿಯ ಎದುರು ಪುಸ್ತಕ ಹಿಡಿದು ಹೇಗೆ ಓದಿದಳೆಂಬ ಗೀಟೂ ಅವರಿಗೆ ಸಿಗುತ್ತದೆ.