ಉಂಗುರದ ಕಥೆಯೂ ವಿಮರ್ಶಕರ ಮುನಿಸೂ

ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜೆ. ಆರ್. ಆರ್. ಟೋಲ್ಕೀನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಕವಿ ಆಡನ್ ಅದನ್ನು ಮೆಚ್ಚಿ ಬರೆದರು. ಆದರೆ ಅಮೆರಿಕದ ಹೆಸರಾಂತ ವಿಮರ್ಶಕ ಎಡ್ಮಂಡ್ ವಿಲ್ಸನ್ 1956ರಲ್ಲಿ ಅದನ್ನು ಬಾಲಿಶವೆಂದು ತಳ್ಳಿಹಾಕಿದರು. ಒಳ್ಳೆಯವರದೊಂದು ಪಕ್ಷ, ಕೆಟ್ಟವರದೊಂದು ಪಕ್ಷ. ಇದರಲ್ಲಿ ಪ್ರೌಢರಿಗೇನಿದೆ ಎಂಬುದು ಇಂಥ ಆಕ್ಷೇಪದ ತಿರುಳು.

ಈ ಮಾತನ್ನು ಒಪ್ಪುವ ಮುನ್ನ ಕಥೆಯ ಕೊನೆಯನ್ನು ನೋಡಬೇಕು. ಲೋಕವನ್ನೇ ಆಳುವ ಶಕ್ತಿಯುಳ್ಳ ಉಂಗುರವನ್ನು ಬೆಂಕಿಯ ಬೆಟ್ಟಕ್ಕೆ ಎಸೆದು ನಾಶಮಾಡಲು ಹಾಬಿಟ್ ಎಂಬ ಕುಳ್ಳರ ಕುಲದ ಫ್ರೋಡೋ ಹೊರಡುತ್ತಾನೆ. ಬಳಲಿ ಬೆಂಡಾಗಿ ಅಲ್ಲಿಗೆ ತಲುಪುತ್ತಾನೆ. ಆದರೆ ಎಸೆಯಲಾರದೆ, ಉಂಗುರ ತನ್ನದೇ ಎಂದು ತೊಟ್ಟುಕೊಳ್ಳುತ್ತಾನೆ. ನಾಯಕನೇ ಸೋತನು! ಆಗ ಗೊಲ್ಲಮ್ ಎಂಬ ದುರಾಶೆಯ ಜೀವಿ ಅವನ ಬೆರಳು ಕಚ್ಚಿ ಉಂಗುರ ಕಿತ್ತುಕೊಂಡು, ಆಯತಪ್ಪಿ ಅದರೊಡನೆ ಬೆಂಕಿಗೆ ಬೀಳುತ್ತಾನೆ. ಈ ಗೊಲ್ಲಮನನ್ನು ಹಿಂದೆ ಬಿಲ್ಬೋ, ಆಮೇಲೆ ಫ್ರೋಡೋ, ಕೊಲ್ಲಬಹುದಾಗಿದ್ದಾಗಲೂ ಕರುಣೆಯಿಂದ ಬಿಟ್ಟಿದ್ದರು. ಲೋಕ ಉಳಿದದ್ದು ಆ ಕರುಣೆಯಿಂದ.

ಕಥೆಯಲ್ಲಿ ಗುಡಿಯಿಲ್ಲ, ಪುರೋಹಿತರಿಲ್ಲ. ಆದರೂ ಇದು ಮೂಲತಃ ಧಾರ್ಮಿಕವಾದ, ಕ್ಯಾಥೊಲಿಕ್ ಕೃತಿಯೆಂದು ಟೋಲ್ಕೀನರು 1953ರ ಪತ್ರವೊಂದರಲ್ಲಿ ಹೇಳಿಕೊಂಡರು. 1916ರ ಸೋಮ್ ಯುದ್ಧದಲ್ಲಿದ್ದ ಅವರಿಗೆ, ಮನುಷ್ಯನ ಶಕ್ತಿಗೆ ಮೇರೆಯುಂಟೆಂಬುದು ಪುಸ್ತಕದಿಂದ ಕಲಿತ ಪಾಠವಲ್ಲ.

1997ರಲ್ಲಿ ಬ್ರಿಟನ್ನಿನ ಓದುಗರು ಶತಮಾನದ ಶ್ರೇಷ್ಠ ಗ್ರಂಥವೆಂದು ಇದಕ್ಕೇ ಮತವಿತ್ತರು. ಕೆಲವು ವಿಮರ್ಶಕರು ಮತ್ತೆ ಮುನಿದರು. ಸೋತವನಿಗೂ ಬಿಡುಗಡೆಯುಂಟೆನ್ನುವ ಕಥೆ ಮಕ್ಕಳಿಗೆ ಮಾತ್ರವೇ? ಸೋಲಿನ ರುಚಿ ಕಂಡ ಹಿರಿಯರಿಗೇ ಅದು ಹೆಚ್ಚು ಬೇಕು.