ಪಂದ್ಯಕ್ಕೆ ಮುಂಚಿನ ಕರಾರು

ಸರದಿ ಪ್ರಕಾರ ನಡೆ ಇಡುವ ಯುದ್ಧತಂತ್ರದ ವಿಡಿಯೋ ಗೇಮ್‌ಗಳಲ್ಲಿ ಆಟ ಶುರುವಾಗುವ ಮುಂಚೆ ಒಂದು ಪರದೆ ಬರುತ್ತದೆ. ನಕ್ಷೆ ಎಷ್ಟು ದೊಡ್ಡದು, ಎದುರಾಳಿಗಳು ಎಷ್ಟು ಮಂದಿ, ಆಟ ಎಷ್ಟು ಕಠಿಣ, ಗೆಲುವು ಯಾವುದರಿಂದ ತೀರ್ಮಾನ ಎಂಬುದೆಲ್ಲ ಅಲ್ಲೇ ಗೊತ್ತುಮಾಡಿಕೊಳ್ಳಬೇಕು. ಕಂಪ್ಯೂಟರ್ ಬರುವ ಮೊದಲು ಈ ಕೆಲಸ ಮನುಷ್ಯರದಾಗಿತ್ತು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಜ್ ಹೊರತಂದ ‘ಕ್ರೀಗ್ಸ್‌ಶ್ಪೀಲ್’ ಎಂಬ ಯುದ್ಧದಾಟಕ್ಕೆ ಒಬ್ಬ ತೀರ್ಪುಗಾರ ಇರಲೇಬೇಕಿತ್ತು. ಸಂದರ್ಭ ಯಾವುದು, ಯಾರಿಗೆ ಯಾವ ಪಡೆ ಕಾಣಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ಚದುರಂಗದಲ್ಲಿ ನುರಿತವನು ಒಂದು ಕಾಯಿ ಬಿಟ್ಟುಕೊಟ್ಟು ಆಡುವ ರೂಢಿ ಹಳೆಯದು. 1883ರ ಲಂಡನ್ ಪಂದ್ಯಾವಳಿಯಿಂದ ಗಡಿಯಾರವೂ ಸೇರಿತು. ಸಮಬಲ, ಮರೆ, ಸಮಯ ಈ ಮೂರೂ ಮುಂದೆ ವಿಡಿಯೋ ಗೇಮ್‌ಗಳಿಗೆ ಬಂದವು.

1983ರ ‘ಮ್ಯೂಲ್’ ಆಟದಲ್ಲಿ ವಿನ್ಯಾಸಕಿ ಡ್ಯಾನಿಯೆಲ್ ಬಂಟನ್ ಬೆರಿ ಈ ಸಮಬಲದ ಲೆಕ್ಕವನ್ನು ಜಾಣತನದಿಂದ ಅಡಗಿಸಿಟ್ಟರು. ಆಟಗಾರ ಮೊದಲು ತನ್ನ ಜೀವಜಾತಿಯನ್ನು ಆರಿಸಿಕೊಳ್ಳಬೇಕು. ಹೊಸಬರಿಗೆ ಹೊಂದುವ ಫ್ಲ್ಯಾಪರ್ ಎಂಬ ಜಾತಿ ಆರಿಸಿದರೆ ಕೈಗೆ 1600 ಡಾಲರ್, ಮನುಷ್ಯನಾದರೆ 600, ಉಳಿದವರಿಗೆ 1000. ಹೊಸಬನಿಗೆ ರಿಯಾಯಿತಿ ಸಿಕ್ಕಿತು, ಅದನ್ನು ರಿಯಾಯಿತಿ ಎಂದು ಕರೆದು ಯಾರೂ ಅವನನ್ನು ನಾಚಿಸಲಿಲ್ಲ.

ಇವತ್ತಿನ ಆಯ್ಕೆಪರದೆಗೆ ರೂಪ ಕೊಟ್ಟದ್ದು ಮೈಕ್ರೋಪ್ರೋಸ್ ಸಂಸ್ಥೆಯ ‘ಸಿವಿಲೈಸೇಶನ್’. 1991ರಲ್ಲಿ ಸಿಡ್ ಮೇಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ಈ ಆಟದಲ್ಲಿ ಆಟಗಾರ ತನ್ನ ಭೂಮಿಯನ್ನೇ ಹೇಳಿ ಮಾಡಿಸಿಕೊಳ್ಳಬಹುದಿತ್ತು: ನೆಲ ಹೆಚ್ಚೋ ಕಡಿಮೆಯೋ, ಹವೆ ತಂಪೋ ಬಿಸಿಯೋ, ಮಳೆ ಎಷ್ಟು, ಭೂಮಿಗೆ ವಯಸ್ಸು ಮೂರು, ನಾಲ್ಕು ಅಥವಾ ಐದು ಶತಕೋಟಿ ವರ್ಷ. ಕಷ್ಟದ ಮಟ್ಟಗಳು ಐದು, ಚೀಫ್‌ಟನ್‌ನಿಂದ ಎಂಪರರ್‌ವರೆಗೆ. ಈ ಮಟ್ಟ ಎದುರಾಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಚೀಫ್‌ಟನ್ ಮಟ್ಟದಲ್ಲಿ ಒಂದು ನಗರದ ಮೊದಲ ಆರು ಪ್ರಜೆಗಳು ತಕರಾರಿಲ್ಲದೆ ಇರುತ್ತಾರೆ. ಎಂಪರರ್‌ನಲ್ಲಿ ಇಬ್ಬರೇ, ಮೂರನೆಯವನು ಹುಟ್ಟುತ್ತಲೇ ಅಸಮಾಧಾನಿ. ಅಸಮಾಧಾನ ತಣಿಸುವ ದೇವಾಲಯದಂಥದ್ದು ಇಲ್ಲದೆ ಊರು ಬೆಳೆಸುವುದು ಕಷ್ಟ. ಕಾಲವೂ ಕುಗ್ಗುತ್ತದೆ: ಸುಲಭದ ಆಟ ಕ್ರಿ.ಶ. 2100ರವರೆಗೆ ನಡೆದರೆ ಕಠಿಣದ್ದು 2020ಕ್ಕೇ ಮುಗಿಯುತ್ತದೆ. ಒಂದೇ ಗುಂಡಿಯ ಹಿಂದೆ ಇಷ್ಟೆಲ್ಲ ಇದೆ ಎಂದು ಪರದೆ ಹೇಳುತ್ತಿರಲಿಲ್ಲ. ಆಡಿ ಸೋತವರೇ ಕಂಡುಕೊಳ್ಳಬೇಕಿತ್ತು.

ಮುಂದಿನ ಭಾಗಗಳಲ್ಲಿ ಪಟ್ಟಿ ಬೆಳೆಯಿತು. 1996ರ ಎರಡನೆಯ ಭಾಗದಲ್ಲಿ ಅಂತರಿಕ್ಷ ನೌಕೆ ಕಳಿಸಿ ಗೆಲ್ಲುವ ದಾರಿಯನ್ನು ತೆಗೆದುಹಾಕುವ ಆಯ್ಕೆ ಬಂತು. ಒಂದೇ ನಗರ ಇಟ್ಟುಕೊಂಡು ಗೆಲ್ಲುವುದು ಆಟಗಾರರು ತಮಗೆ ತಾವೇ ಹಾಕಿಕೊಂಡ ಪಣವಾಗಿತ್ತು. 2005ರ ನಾಲ್ಕನೆಯ ಭಾಗದಲ್ಲಿ ಅದೂ ಒಂದು ಆಯ್ಕೆಯಾಗಿ ಪರದೆ ಹತ್ತಿತು. ವೇಗವೂ ಆಯ್ಕೆಗೆ ಒಳಪಟ್ಟಿತು. 2010ರ ಐದನೆಯ ಭಾಗದಲ್ಲಿ ಚುರುಕಿನ ಆಟಕ್ಕೆ 330 ಸರದಿ, ಸಾಧಾರಣಕ್ಕೆ 500, ಮ್ಯಾರಥಾನ್‌ಗೆ 1500.

ಜಪಾನಿನ ದಾರಿ ಬೇರೆ. 1988ರ ‘ಫ್ಯಾಮಿಕಾಮ್ ವಾರ್ಸ್’ ಪರಂಪರೆಯಲ್ಲಿ 2001ರಲ್ಲಿ ಬಂದ ‘ಅಡ್ವಾನ್ಸ್ ವಾರ್ಸ್’ನಲ್ಲಿ ಇಬ್ಬರು ಒಂದೇ ಪುಟ್ಟ ಯಂತ್ರವನ್ನು ಕೈಯಿಂದ ಕೈಗೆ ದಾಟಿಸುತ್ತ ಆಡಬಹುದಿತ್ತು. ಅದರ ನಿಯಮಗಳ ಪರದೆ ಒಂದು ಪುಟದಷ್ಟು, ಆದರೆ ಪ್ರತಿ ಸಾಲಿಗೂ ಬೆಲೆ ಇತ್ತು. ಮಂಜು ಹಾಕಿದರೆ ಎದುರಾಳಿಯ ಪಡೆ ಕಾಣದು. ವಶಪಡಿಸಿಕೊಂಡ ಪ್ರತಿ ಕಟ್ಟಡಕ್ಕೆ ದಿನದ ಆದಾಯ 1000ದಿಂದ 9500ರವರೆಗೆ. ಒಬ್ಬ ಕಾಲಾಳಿನ ಬೆಲೆ 1000, ಟ್ಯಾಂಕಿನದು 7000. ಕಡಿಮೆ ಆದಾಯ ಇಟ್ಟರೆ ಬಯಲು ತುಂಬ ಕಾಲಾಳುಗಳು. ಹೆಚ್ಚು ಇಟ್ಟರೆ ಎರಡನೇ ದಿನಕ್ಕೇ ಟ್ಯಾಂಕುಗಳ ಸಾಲು. ದಿನಗಳ ಮಿತಿ ಇಡದಿದ್ದರೆ ಎರಡೂ ಕಡೆಯವರು ಸೇತುವೆಯ ಆಚೀಚೆ ಕೂತು ಗಂಟೆಗಟ್ಟಲೆ ಕಾಯುವುದುಂಟು. ಚಿಕ್ಕ ಪಟ್ಟಿಯಲ್ಲಿ ಇಷ್ಟು ಕೆಲಸ ಮಾಡಿಸಿದ ಆಟಗಳು ವಿರಳ.

ಆಯ್ಕೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 1994ರ ‘ಎಕ್ಸ್-ಕಾಮ್’ ಸಾಕ್ಷಿ. ಅದರ ಡಾಸ್ ಆವೃತ್ತಿಯಲ್ಲೊಂದು ದೋಷವಿತ್ತು: ಎಷ್ಟೇ ಕಠಿಣ ಮಟ್ಟ ಆರಿಸಿದರೂ ಮೊದಲ ಕಾರ್ಯಾಚರಣೆ ಮುಗಿದ ಮೇಲೆ ಆಟ ಸದ್ದಿಲ್ಲದೆ ಆರಂಭಿಕ ಮಟ್ಟಕ್ಕೆ ಇಳಿಯುತ್ತಿತ್ತು. ಬಹಳ ಕಾಲ ಇದು ಯಾರ ಗಮನಕ್ಕೂ ಬರಲಿಲ್ಲ. ಆಟ ತೀರ ಸುಲಭ ಎಂಬ ದೂರು ಬಂತು, ಮುಂದಿನ ವರ್ಷದ ಭಾಗವನ್ನು ಇನ್ನಷ್ಟು ಕಠಿಣ ಮಾಡಲಾಯಿತು.

2012ರಲ್ಲಿ ಫೈರಾಕ್ಸಿಸ್ ಸಂಸ್ಥೆ ಈ ಆಟವನ್ನು ಹೊಸದಾಗಿ ತಂದಾಗ ‘ಐರನ್‌ಮ್ಯಾನ್’ ಎಂಬ ಆಯ್ಕೆ ಕೊಟ್ಟಿತು. ಅದನ್ನು ಒತ್ತಿದರೆ ಆಟವನ್ನು ಉಳಿಸಿಡುವ ಕಡತ ಒಂದೇ, ಅದನ್ನೂ ಆಟವೇ ಬರೆದುಕೊಳ್ಳುತ್ತದೆ. ಸತ್ತ ಸೈನಿಕ ಸತ್ತಂತೆಯೇ. ನಕ್ಷೆ, ಹವೆ, ಎದುರಾಳಿಗಳ ಸಂಖ್ಯೆ ಯಾವುದನ್ನೂ ಮುಟ್ಟದ ಈ ಒಂದು ಗುಂಡಿ, ಉಳಿದೆಲ್ಲ ಆಯ್ಕೆಗಳಿಗಿಂತ ಹೆಚ್ಚಾಗಿ ಆಟವನ್ನು ಬದಲಿಸುತ್ತದೆ.